ಬದಲಾವಣೆ ಬೇಡವೆಂದ ಹೆನ್ರಿ ಫೋರ್ಡ್

ಮಕ್ಕಳೇ, ಅಮೆರಿಕದ ಒಂದು ಹಳೆಯ ಕಾರುಗಳ ಮೇಳದಲ್ಲಿ ನಾವು ನಿಂತಿದ್ದೇವೆ ಎಂದುಕೊಳ್ಳಿ. ಎದುರಿಗೆ ಒಂದು ಪುಟ್ಟ ಕಾರು ಇದೆ. ಮುಂದೆ ಉದ್ದ ಸರಳುಗಳ ಜಾಲರಿ, ಅದರ ಎರಡು ಬದಿಗೆ ಗುಂಡನೆಯ ದೀಪಗಳು. ಆಕಾರ ನೋಡಿದರೆ 1932ರ ಫೋರ್ಡ್ ಕಾರು. ನಿಮ್ಮ ಮುತ್ತಜ್ಜನ ಕಾಲದ್ದು! ಆದರೆ ಅದರ ಬಣ್ಣ ಕನ್ನಡಿಯಂತೆ ಹೊಳೆಯುತ್ತಿದೆ. ಮಾಲೀಕ ಮುಂಭಾಗದ ಮುಚ್ಚಳ ಎತ್ತಿದರೆ ಒಳಗೆ ಕಾಣುವುದು ಷೆವ್ರೊಲೆ ಎಂಬ ಬೇರೆ ಕಂಪನಿಯ ದೊಡ್ಡ ಇಂಜಿನ್. ಚಕ್ರದೊಳಗೆ ಇಣುಕಿದರೆ ಈಗಿನ ಮೋಟಾರ್ ಸೈಕಲ್‌ಗಳಲ್ಲಿರುವಂಥ ಡಿಸ್ಕ್ ಬ್ರೇಕ್. ಒಳಗೆ ಏರ್ ಕಂಡೀಷನರ್ ಕೂಡ ಇದೆ.

ಇಂಥ ಕಾರಿಗೆ ಸ್ಟ್ರೀಟ್ ರಾಡ್ ಎಂದು ಹೆಸರು. ಸಾಮಾನ್ಯವಾಗಿ 1948 ಅಥವಾ ಅದಕ್ಕೂ ಹಿಂದಿನ ಕಾರಿನ ದೇಹವನ್ನು ಉಳಿಸಿಕೊಂಡು ಇಂಜಿನ್, ಗೇರು, ಬ್ರೇಕು, ಸ್ಪ್ರಿಂಗು ಎಲ್ಲವನ್ನೂ ಹೊಸದಾಗಿ ಜೋಡಿಸಿರುತ್ತಾರೆ. ಇದೇ ಕೆಲಸಕ್ಕೆಂದು ನುರಿತ ಕುಶಲಕರ್ಮಿಗಳ ಕಾರ್ಯಾಗಾರಗಳಿವೆ. ಅವರಿಗೆ ಬಲು ಅಚ್ಚುಮೆಚ್ಚಿನದು 1932ರ ಫೋರ್ಡ್.

ಇದರಲ್ಲೊಂದು ತಮಾಷೆಯಿದೆ. ಆ ಕಾರನ್ನು ತಯಾರಿಸಿದ ಹೆನ್ರಿ ಫೋರ್ಡ್ ಅವರಿಗೆ ತಮ್ಮ ಕಾರನ್ನು ಬದಲಾಯಿಸುವುದೆಂದರೆ ಆಗುತ್ತಿರಲಿಲ್ಲ. ಅವರದೇ ಕಾರುಗಳು ಜಗತ್ತಿನಲ್ಲಿ ಅತಿ ಹೆಚ್ಚು ಬದಲಾವಣೆ ಕಂಡ ಕಾರುಗಳಾದದ್ದು ಹೇಗೆ? ಅದನ್ನು ತಿಳಿಯಲು ಅವರ ಬಾಲ್ಯಕ್ಕೆ ಹೋಗೋಣ.

ಗಡಿಯಾರ ಬಿಚ್ಚುವ ಹುಡುಗ

ಹೆನ್ರಿ ಹುಟ್ಟಿದ್ದು 1863ರ ಜುಲೈ 30ರಂದು, ಅಮೆರಿಕದ ಮಿಷಿಗನ್ ರಾಜ್ಯದ ಡಿಯರ್‌ಬಾರ್ನ್ ಬಳಿಯ ಒಂದು ಹೊಲಮನೆಯಲ್ಲಿ. ತಂದೆ ವಿಲಿಯಂ ಐರ್ಲೆಂಡಿನಿಂದ ವಲಸೆ ಬಂದ ರೈತ. ಮಗನೂ ರೈತನಾಗಲಿ ಎಂಬುದು ಅವರ ಆಸೆ. ಹುಡುಗನಿಗೆ ಮಾತ್ರ ಹೊಲದ ಕೆಲಸವೆಂದರೆ ಬೇಸರ, ಹೊಲದಲ್ಲಿ ಬಳಸುವ ಯಂತ್ರಗಳೆಂದರೆ ಪ್ರಾಣ. ಯಾರೋ ಕೊಟ್ಟ ಕೈಗಡಿಯಾರವಲ್ಲ, ಆಗ ಜೇಬಿನಲ್ಲಿಡುವ ಗಡಿಯಾರಗಳ ಕಾಲ, ಅಂಥ ಗಡಿಯಾರ ಸಿಕ್ಕಿದರೆ ಸಾಕು, ಬಿಚ್ಚಿ ಮತ್ತೆ ಜೋಡಿಸುತ್ತಿದ್ದ. ಮೊಳೆಯೊಂದನ್ನು ಉಜ್ಜಿ ಚಪ್ಪಟೆ ಮಾಡಿ ಅದನ್ನೇ ತಿರುಪುಳಿಯಾಗಿ ಬಳಸುತ್ತಿದ್ದನಂತೆ. ಅಕ್ಕಪಕ್ಕದವರ ಕೆಟ್ಟ ಗಡಿಯಾರಗಳೆಲ್ಲ ಅವನ ಕೈ ಸೇರತೊಡಗಿದವು.

1876 ಅವನ ಬದುಕಿನಲ್ಲಿ ಮರೆಯಲಾಗದ ವರ್ಷ. ಆ ವರ್ಷ ತಾಯಿ ತೀರಿಕೊಂಡರು. ಅದೇ ವರ್ಷ ತಂದೆಯ ಜೊತೆ ಗಾಡಿಯಲ್ಲಿ ಹೋಗುತ್ತಿದ್ದಾಗ ಎದುರಿಗೆ ಒಂದು ಉಗಿ ಯಂತ್ರ ಬಂತು. ಕುದುರೆಗಳಿಲ್ಲದೆ ತನ್ನಷ್ಟಕ್ಕೆ ತಾನೇ ರಸ್ತೆಯ ಮೇಲೆ ಉರುಳಿಕೊಂಡು ಬರುತ್ತಿತ್ತು! ಹುಡುಗ ಗಾಡಿಯಿಂದ ಇಳಿದು ಓಡಿ, ಅದನ್ನು ನಡೆಸುತ್ತಿದ್ದವನಿಗೆ ಪ್ರಶ್ನೆಗಳ ಮಳೆ ಸುರಿಸಿದ.

1879ರಲ್ಲಿ ಹದಿನಾರರ ಹೆನ್ರಿ ಡೆಟ್ರಾಯಿಟ್ ನಗರಕ್ಕೆ ಹೋಗಿ ಯಂತ್ರ ಕಾರ್ಯಾಗಾರದಲ್ಲಿ ಕೆಲಸ ಕಲಿಯತೊಡಗಿದ. ರಾತ್ರಿ ಹೊತ್ತು ಗಡಿಯಾರ ರಿಪೇರಿ ಮಾಡಿ ಖರ್ಚು ತೂಗಿಸುತ್ತಿದ್ದ. ಮುಂದೆ 1888ರಲ್ಲಿ ಕ್ಲಾರಾ ಬ್ರಯಾಂಟ್ ಅವರೊಂದಿಗೆ ಮದುವೆಯಾಯಿತು. 1891ರಲ್ಲಿ ಡೆಟ್ರಾಯಿಟಿನ ಎಡಿಸನ್ ವಿದ್ಯುತ್ ಕಂಪನಿಯಲ್ಲಿ ಇಂಜಿನಿಯರ್ ಕೆಲಸ ಸಿಕ್ಕಿತು.

ಅಡುಗೆಮನೆಯ ಇಂಜಿನ್

1893ರ ಡಿಸೆಂಬರ್ 24, ಕ್ರಿಸ್‌ಮಸ್ ಹಿಂದಿನ ರಾತ್ರಿ. ಕ್ಲಾರಾ ಮರುದಿನದ ಹಬ್ಬದಡುಗೆಯ ಸಿದ್ಧತೆಯಲ್ಲಿದ್ದರು. ಮಗ ಎಡ್ಸೆಲ್‌ಗೆ ಇನ್ನೂ ಏಳು ವಾರ. ಫೋರ್ಡ್ ತಾವು ಮಾಡಿದ್ದ ಪುಟ್ಟ ಪೆಟ್ರೋಲ್ ಇಂಜಿನನ್ನು ತಂದು ಪಾತ್ರೆ ತೊಳೆಯುವ ತೊಟ್ಟಿಗೆ ಬಿಗಿದರು. ಕಿಡಿ ಹೊತ್ತಿಸಲು ಮನೆಯ ವಿದ್ಯುತ್ತನ್ನೇ ಬಳಸಿದರು. ಪೆಟ್ರೋಲನ್ನು ಹನಿಹನಿಯಾಗಿ ಹಾಕುವ ಕೆಲಸ ಕ್ಲಾರಾ ಅವರದು. ಫೋರ್ಡ್ ಚಕ್ರ ತಿರುಗಿಸಿದರು. ಇಂಜಿನ್ ಕೆಮ್ಮಿತು, ಬೆಂಕಿ ಉಗುಳಿತು, ಓಡಿತು! (ಇಂಥ ಪ್ರಯೋಗವನ್ನು ನೀವು ಮನೆಯಲ್ಲಿ ಮಾಡಬೇಡಿ. ಅಡುಗೆಮನೆಯಲ್ಲಿ ಪೆಟ್ರೋಲ್ ಎಂದರೆ ಏನಾಗಬಹುದೆಂದು ಹೇಳಬೇಕಿಲ್ಲ.)

ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ರಾತ್ರಿ ಹೊತ್ತು ಕೆಲಸ ಮುಂದುವರಿಯಿತು. ನಾಲ್ಕು ಸೈಕಲ್ ಚಕ್ರಗಳ ಮೇಲೆ ಕೂರಿಸಿದ, ಎರಡು ಸಿಲಿಂಡರ್‌ಗಳ ವಾಹನ ಸಿದ್ಧವಾಯಿತು. ಅದಕ್ಕೆ ಹಿಮ್ಮುಖ ಗೇರಿರಲಿಲ್ಲ. 1896ರ ಜೂನ್ 4ರ ನಸುಕಿನಲ್ಲಿ ಹೊರಗೆ ತೆಗೆಯಲು ನೋಡಿದರೆ ಬಾಗಿಲು ಕಿರಿದು! ಫೋರ್ಡ್ ಕೊಡಲಿ ತಂದು ಇಟ್ಟಿಗೆ ಗೋಡೆಯನ್ನೇ ಒಡೆದರು. ಕಾರು ಕಟ್ಟುವ ಉಮೇದಿನಲ್ಲಿ ಬಾಗಿಲಿನ ಅಳತೆ ತೆಗೆಯುವುದನ್ನೇ ಮರೆತ ಇಂಜಿನಿಯರ್ ಎಂದು ಮಕ್ಕಳಿಗೆ ಹೇಳುವಾಗಲೆಲ್ಲ ನನಗೆ ನಗು ಬರುತ್ತದೆ.

ಮುಂದೆ ಕೆಲಸ ಬಿಟ್ಟು ಕಾರು ಕಂಪನಿ ಶುರುಮಾಡಿದರು. ಮೊದಲನೆಯದು ಮುಚ್ಚಿಹೋಯಿತು. ಎರಡನೆಯದರಲ್ಲಿ ಹಣ ಹಾಕಿದವರೊಂದಿಗೆ ಜಗಳವಾಗಿ 1902ರಲ್ಲಿ ಹೊರಬಂದರು. ಜನರ ಗಮನ ಸೆಳೆಯಲು ಅವರು ಕಂಡುಕೊಂಡ ದಾರಿ ಓಟದ ಪಂದ್ಯ. 1901ರಲ್ಲಿ ತಾವೇ ಕಾರು ಓಡಿಸಿ ಆ ಕಾಲದ ಹೆಸರಾಂತ ಓಟಗಾರ ಅಲೆಕ್ಸಾಂಡರ್ ವಿಂಟನ್ ಅವರನ್ನು ಸೋಲಿಸಿದರು. 1903ರ ಜೂನ್ 16ರಂದು ಫೋರ್ಡ್ ಮೋಟಾರ್ ಕಂಪನಿ ಸ್ಥಾಪನೆಯಾಯಿತು. 1904ರ ಜನವರಿಯಲ್ಲಿ ಹೆಪ್ಪುಗಟ್ಟಿದ ಸೇಂಟ್ ಕ್ಲೇರ್ ಸರೋವರದ ಮಂಜುಗಡ್ಡೆಯ ಮೇಲೆ ಗಂಟೆಗೆ ಸುಮಾರು 147 ಕಿಲೋಮೀಟರ್ ವೇಗದಲ್ಲಿ ಕಾರು ಓಡಿಸಿ ದಾಖಲೆ ಮಾಡಿದರು. ಮೈಮೇಲೆ ಹೊದಿಕೆಯೇ ಇಲ್ಲದ, ಬರೀ ಇಂಜಿನ್ನು ಮತ್ತು ಚಕ್ರಗಳಂತಿದ್ದ ಕಾರು ಅದು. ವೇಗಕ್ಕಾಗಿ ಕಾರಿನ ಭಾರ ಇಳಿಸುವ ಈ ಉಪಾಯವನ್ನು ನೆನಪಿಡಿ. ಮುಂದೆ ಬೇರೆಯವರು ಅವರ ಕಾರಿಗೇ ಇದನ್ನು ಮಾಡಲಿದ್ದಾರೆ.

ಒಂದೇ ಕಾರು, ಒಂದೂವರೆ ಕೋಟಿ

1908ರ ಅಕ್ಟೋಬರ್‌ನಲ್ಲಿ ಮಾಡೆಲ್ ಟಿ ಬಂತು. ನಾಲ್ಕು ಸಿಲಿಂಡರ್, 20 ಅಶ್ವಶಕ್ತಿ, ಗಂಟೆಗೆ ಸುಮಾರು 70 ಕಿಲೋಮೀಟರ್ ವೇಗ. ನೆಲದಿಂದ ಎತ್ತರವಾಗಿದ್ದರಿಂದ ಹಳ್ಳಿಯ ಕೆಸರು ದಾರಿಯಲ್ಲೂ ಹೋಗುತ್ತಿತ್ತು.

ಅದನ್ನು ಓಡಿಸುವುದೇ ಒಂದು ಸೊಗಸು. ಕಾಲಿನ ಕೆಳಗೆ ಮೂರು ಪೆಡಲ್‌ಗಳು: ಎಡದ್ದು ಗೇರಿಗೆ, ನಡುವಿನದು ಹಿಂದಕ್ಕೆ ಹೋಗಲು, ಬಲದ್ದು ಬ್ರೇಕಿಗೆ. ವೇಗ ಹೆಚ್ಚಿಸುವ ಹಿಡಿ ಸ್ಟೀರಿಂಗಿನ ಕೆಳಗಿತ್ತು! ಇಂಜಿನ್ ಚಾಲೂ ಮಾಡಲು ಮುಂದೆ ನಿಂತು ಕೈಯಿಂದ ಹ್ಯಾಂಡಲ್ ತಿರುಗಿಸಬೇಕಿತ್ತು. ಇಂಜಿನ್ ಒಮ್ಮೆಲೆ ಹಿಂದಕ್ಕೆ ಒದೆದರೆ ಮಣಿಕಟ್ಟು ಮುರಿಯುತ್ತಿತ್ತು. ಪೆಟ್ರೋಲ್ ಟ್ಯಾಂಕು ಸೀಟಿನ ಕೆಳಗೆ. ಪಂಪು ಇಲ್ಲ, ಪೆಟ್ರೋಲ್ ಗುರುತ್ವದಿಂದ ಇಳಿದು ಇಂಜಿನ್ ಸೇರಬೇಕು. ಹಾಗಾಗಿ ಕಡಿದಾದ ಏರು ಬಂದಾಗ, ಟ್ಯಾಂಕಿನಲ್ಲಿ ಪೆಟ್ರೋಲ್ ಕಡಿಮೆಯಿದ್ದರೆ, ಜನ ಕಾರನ್ನು ತಿರುಗಿಸಿ ಹಿಮ್ಮುಖವಾಗಿ ಏರು ಹತ್ತುತ್ತಿದ್ದರು. ಏಕೆಂದು ಚಿತ್ರ ಬರೆದು ಯೋಚಿಸಿ.

ಕಾರಿನ ಬೆಲೆ ಮೊದಲು 850 ಡಾಲರ್. ರೈತರೂ ಕೊಳ್ಳುವಂತಾಗಲು ಇನ್ನೂ ಇಳಿಯಬೇಕಿತ್ತು. ಫೋರ್ಡ್ ಮತ್ತು ಅವರ ಇಂಜಿನಿಯರುಗಳು 1913ರಲ್ಲಿ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ಚಲಿಸುವ ಜೋಡಣಾ ಸಾಲನ್ನು ಆರಂಭಿಸಿದರು. ಕೆಲಸಗಾರ ನಿಂತಲ್ಲೇ ನಿಲ್ಲುತ್ತಾನೆ, ಕಾರು ಅವನ ಮುಂದೆ ಸಾಗುತ್ತದೆ. ಒಬ್ಬ ಚಕ್ರ ಹಾಕುತ್ತಾನೆ, ಇನ್ನೊಬ್ಬ ನಟ್ಟು ಬಿಗಿಯುತ್ತಾನೆ. ಮೊದಲು ಕಾರಿನ ಅಡಿಗಟ್ಟು, ಅಂದರೆ ಚಾಸಿ ಜೋಡಿಸಲು ಹನ್ನೆರಡೂವರೆ ಗಂಟೆ ಬೇಕಿತ್ತು. ಅದು 93 ನಿಮಿಷಕ್ಕೆ ಇಳಿಯಿತು!

ಇದು ಸಾಧ್ಯವಾಗಬೇಕಾದರೆ ಒಂದು ಷರತ್ತಿದೆ. ಪ್ರತಿಯೊಂದು ಬಿಡಿಭಾಗವೂ ಅದರ ಜೊತೆಯದರಂತೆ ಅಚ್ಚುಕಟ್ಟಾಗಿ ಒಂದೇ ಅಳತೆಯದಾಗಿರಬೇಕು. ಸಾವಿರ ಬೋಲ್ಟುಗಳಲ್ಲಿ ಯಾವುದನ್ನು ಎತ್ತಿಕೊಂಡರೂ ಯಾವ ಕಾರಿಗಾದರೂ ಕೂರಬೇಕು. ಹೀಗೆ ಕೂರುವುದರಿಂದಲೇ ಹಳ್ಳಿಯ ಹುಡುಗನೊಬ್ಬ ಒಂದು ಹಾಳು ಕಾರಿನ ಭಾಗ ಕಿತ್ತು ಇನ್ನೊಂದಕ್ಕೆ ಹಾಕಬಹುದಾಯಿತು. ಗಡಿಯಾರ ಬಿಚ್ಚುತ್ತಿದ್ದ ಹುಡುಗ, ಲಕ್ಷಾಂತರ ಹುಡುಗರು ಬಿಚ್ಚಬಹುದಾದ ಕಾರನ್ನು ಮಾಡಿಟ್ಟಿದ್ದ. ಸ್ಟ್ರೀಟ್ ರಾಡಿನ ಬೀಜ ಇಲ್ಲಿದೆ.

ಒಂದೇ ಕೆಲಸವನ್ನು ದಿನವಿಡೀ ಮಾಡಿ ಬೇಸತ್ತು ಕಾರ್ಮಿಕರು ಕೆಲಸ ಬಿಟ್ಟು ಹೋಗುತ್ತಿದ್ದರು. 1914ರ ಜನವರಿಯಲ್ಲಿ ಫೋರ್ಡ್ ದಿನಕ್ಕೆ 5 ಡಾಲರ್ ಕೂಲಿ, 8 ಗಂಟೆ ಕೆಲಸ ಎಂದು ಘೋಷಿಸಿದರು. ಅದು ಆಗಿನ ಕೂಲಿಯ ಹೆಚ್ಚುಕಡಿಮೆ ಎರಡರಷ್ಟು. ಆದರೆ ಅದನ್ನು ಪಡೆಯಲು ಕಾರ್ಮಿಕರು ಮನೆಯಲ್ಲಿ ಹೇಗೆ ಬದುಕುತ್ತಾರೆ ಎಂಬುದನ್ನೂ ಕಂಪನಿಯ ಜನ ಬಂದು ಪರೀಕ್ಷಿಸುತ್ತಿದ್ದರು.

ಕಾರಿನ ಬೆಲೆ ಇಳಿಯುತ್ತ 1925ರ ಹೊತ್ತಿಗೆ 260 ಡಾಲರಿಗೆ ಬಂತು. ಆದರೆ ಕಾರು ಮಾತ್ರ ಅದೇ. 1914ರಿಂದ 1925ರವರೆಗೆ ಬಣ್ಣವೂ ಒಂದೇ, ಕಪ್ಪು. ಒಮ್ಮೆ, 1912ರಲ್ಲಿ, ಫೋರ್ಡ್ ಯೂರೋಪಿಗೆ ಹೋಗಿದ್ದಾಗ ಅವರ ಇಂಜಿನಿಯರುಗಳು ಆಸೆಪಟ್ಟು ಸುಧಾರಿಸಿದ ಕೆಂಪು ಕಾರೊಂದನ್ನು ತಯಾರಿಸಿಟ್ಟಿದ್ದರಂತೆ. ವಾಪಸು ಬಂದ ಫೋರ್ಡ್ ಅದರ ಸುತ್ತ ಸುಮ್ಮನೆ ತಿರುಗಿ ನೋಡಿ, ನಂತರ ಬಾಗಿಲನ್ನು ಹಿಡಿದು ಕಿತ್ತೆಸೆದರು, ಇಡೀ ಕಾರನ್ನು ಚಿಂದಿ ಮಾಡಿದರು ಎಂದು ಅವರ ಜೊತೆಗಿದ್ದವರು ನೆನಪಿಸಿಕೊಂಡಿದ್ದಾರೆ.

ಜನರ ಮನಸ್ಸು ಮಾತ್ರ ಬದಲಾಗುತ್ತಿತ್ತು. ಷೆವ್ರೊಲೆಯಂಥ ಕಾರುಗಳು ಬಣ್ಣ, ಸೌಕರ್ಯ ತೋರಿಸಿ ಗಿರಾಕಿಗಳನ್ನು ಸೆಳೆದವು. ಕೊನೆಗೆ 1927ರ ಮೇ 26ರಂದು ಒಂದೂವರೆ ಕೋಟಿಯ ಮಾಡೆಲ್ ಟಿ ಹೊರಬಂತು. ಎಡ್ಸೆಲ್ ಅದನ್ನು ಓಡಿಸಿದರು, ತಂದೆ ಪಕ್ಕದಲ್ಲಿ ಕುಳಿತಿದ್ದರು. ಆಮೇಲೆ ಆ ಕಾರಿನ ತಯಾರಿಕೆ ನಿಂತಿತು. ಹೊಸ ಕಾರು ಸಿದ್ಧವಾಗುವವರೆಗೆ ಕಾರ್ಖಾನೆಗಳು ತಿಂಗಳುಗಟ್ಟಲೆ ಮುಚ್ಚಿದವು. ಸಾವಿರಾರು ಕಾರ್ಮಿಕರು ಕೆಲಸವಿಲ್ಲದೆ ಕುಳಿತರು. ಒಬ್ಬರ ಹಟಕ್ಕೆ ಬೆಲೆ ಕೊಟ್ಟವರು ಬೇರೆಯವರು.

ಎಂಟು ಸಿಲಿಂಡರ್, ಒಂದೇ ಎರಕ

1927ರ ಡಿಸೆಂಬರ್‌ನಲ್ಲಿ ಬಂದ ಮಾಡೆಲ್ ಎ ಕಾರಿಗೆ 40 ಅಶ್ವಶಕ್ತಿ. ಷೆವ್ರೊಲೆ ಆರು ಸಿಲಿಂಡರ್ ಇಂಜಿನ್ ತಂದಾಗ ಫೋರ್ಡ್ ಒಮ್ಮೆಲೆ ಎಂಟಕ್ಕೆ ಜಿಗಿಯಲು ನಿರ್ಧರಿಸಿದರು. ನಾಲ್ಕು ಸಿಲಿಂಡರ್‌ಗಳ ಎರಡು ಸಾಲುಗಳನ್ನು ಇಂಗ್ಲಿಷಿನ ವಿ ಅಕ್ಷರದಂತೆ ಓರೆಯಾಗಿ ಜೋಡಿಸಿದರೆ ಅದು ವಿ-8 ಇಂಜಿನ್. ಅಂಥ ಇಂಜಿನ್ ಹೊಸದೇನಲ್ಲ, ಆದರೆ ದುಬಾರಿ ಕಾರುಗಳಲ್ಲಿ ಮಾತ್ರ ಇತ್ತು. ಅದನ್ನು ಹಲವು ತುಂಡುಗಳಾಗಿ ಎರಕ ಹೊಯ್ದು ಬೋಲ್ಟುಗಳಿಂದ ಸೇರಿಸುತ್ತಿದ್ದರು. ಫೋರ್ಡ್ ಅವರಿಗೆ ಇಡೀ ಕಬ್ಬಿಣದ ದಿಮ್ಮಿ ಒಂದೇ ಎರಕದಲ್ಲಿ ಬರಬೇಕಿತ್ತು.

ಇದೇಕೆ ಕಷ್ಟ? ನಿಮ್ಮೂರಲ್ಲಿ ಗಂಟೆಯನ್ನೋ ವಿಗ್ರಹವನ್ನೋ ಎರಕ ಹೊಯ್ಯುವುದನ್ನು ನೋಡಿದ್ದರೆ ಗೊತ್ತಿರುತ್ತದೆ. ಒಳಗೆ ಟೊಳ್ಳು ಬೇಕಾದ ಕಡೆ ಮರಳಿನ ತಿರುಳನ್ನು ಇಡಬೇಕು. ವಿ-8ರಲ್ಲಿ ಎಂಟು ಸಿಲಿಂಡರ್‌ಗಳು, ಸುತ್ತ ನೀರು ಹರಿಯುವ ದಾರಿಗಳು, ಹೊಗೆ ಹೋಗುವ ದಾರಿಗಳು. ಇಷ್ಟೆಲ್ಲ ತಿರುಳುಗಳಲ್ಲಿ ಒಂದು ಕೂದಲೆಳೆಯಷ್ಟು ಸರಿದರೂ ಇಡೀ ದಿಮ್ಮಿ ಗುಜರಿಗೆ. ಮೊದಮೊದಲು ಹೀಗೆ ಬಿಸಾಡಿದ ದಿಮ್ಮಿಗಳಿಗೆ ಲೆಕ್ಕವಿಲ್ಲ. ಆದರೂ ಬಿಡದೆ 1932ರಲ್ಲಿ ಅದನ್ನು ಸಾಧಿಸಿದರು. 3.6 ಲೀಟರ್, 65 ಅಶ್ವಶಕ್ತಿ. ಅತಿ ಅಗ್ಗದ ಕಾರಿನ ಬೆಲೆ 460 ಡಾಲರ್. ಬಡವರ ಕೈಗೆ ವಿ-8 ಬಂತು. ಆಗ ಫೋರ್ಡ್ ಅವರಿಗೆ 68 ವರ್ಷ.

ಆದರೆ ಬ್ರೇಕು? ಅದು ಹಳೆಯದೇ, ಉಕ್ಕಿನ ಸರಳುಗಳಿಂದ ಎಳೆಯುವಂಥದ್ದು. ಬೇರೆ ಕಂಪನಿಗಳು ದ್ರವದ ಒತ್ತಡದಿಂದ ಕೆಲಸ ಮಾಡುವ ಬ್ರೇಕಿಗೆ ಬದಲಾಗಿದ್ದವು. ಪ್ಲಿಮತ್ ಕಾರಿನಲ್ಲಿ ಅದು 1928ರಲ್ಲೇ ಇತ್ತು. ಫೋರ್ಡ್ ಮಾತ್ರ ದ್ರವಕ್ಕಿಂತ ಉಕ್ಕನ್ನೇ ನಂಬಿದ್ದರು. ಮಗ ಎಡ್ಸೆಲ್ ಕಂಪನಿಯ ಅಧ್ಯಕ್ಷರಾಗಿದ್ದರೂ ಕೊನೆಯ ಮಾತು ತಂದೆಯದೇ. ಫೋರ್ಡ್ ಕಾರಿಗೆ ದ್ರವದ ಬ್ರೇಕು ಬಂದದ್ದು 1939ರ ಮಾದರಿಗಳಲ್ಲಿ.

ಆ ಎಡ್ಸೆಲ್ ತಮ್ಮ ಖುಷಿಗಾಗಿ ಏನು ಮಾಡಿದರು ಗೊತ್ತೇ? ಗ್ರೆಗರಿ ಎಂಬ ವಿನ್ಯಾಸಕಾರರ ಜೊತೆ ಸೇರಿ ಫೋರ್ಡ್ ವಿ-8 ಕಾರನ್ನು ತಗ್ಗಿಸಿ, ಅದಕ್ಕೆ ಉದ್ದನೆಯ ಅಲ್ಯೂಮಿನಿಯಂ ಮೈ ಕಟ್ಟಿಸಿಕೊಂಡರು. 1934ರಲ್ಲಿ ಕಂಪನಿಯ ವಿಮಾನ ವಿಭಾಗದಲ್ಲಿ ತಯಾರಾದ ಆ ಕಾರು ಇಂದಿಗೂ ಉಳಿದಿದೆ. ಫೋರ್ಡ್ ಕಾರನ್ನು ನುರಿತವರ ಕೈಯಲ್ಲಿ ಬದಲಾಯಿಸಿಕೊಂಡವರ ಸಾಲಿನಲ್ಲಿ ಫೋರ್ಡರ ಮಗನೇ ಇದ್ದ ಹಾಗಾಯಿತು!

ಕ್ಯಾಲಿಫೋರ್ನಿಯಾದ ಹುಡುಗರ ಕೈಯಲ್ಲಿ ಹಣವಿರಲಿಲ್ಲ, ಹಳೆಯ ಫೋರ್ಡುಗಳಿದ್ದವು. ಅವರು ಮಡ್‌ಗಾರ್ಡ್, ಗಾಜು, ಬಂಪರ್ ಎಲ್ಲ ಕಿತ್ತು ಭಾರ ಇಳಿಸಿದರು. ಒಂದೇ ಬಲಕ್ಕೆ ಕಡಿಮೆ ದ್ರವ್ಯರಾಶಿ ಇದ್ದರೆ ವೇಗ ಬೇಗ ಹೆಚ್ಚುತ್ತದೆ ಎಂಬ ನ್ಯೂಟನ್ನರ ಎರಡನೆಯ ನಿಯಮವನ್ನು ಸ್ಪ್ಯಾನರ್ ಹಿಡಿದು ಕಲಿತರು. ಮ್ಯೂರಾಕ್ ಎಂಬಲ್ಲಿ ಒಣಗಿದ ಸರೋವರದ ಗಟ್ಟಿ ನೆಲದ ಮೇಲೆ ಪಂದ್ಯ ಕಟ್ಟಿದರು. ಈ ಕಾರುಗಳಿಗೆ ಹಾಟ್ ರಾಡ್ ಎಂಬ ಹೆಸರು ಬಂತು. ಓಟದ ಬದಲು ರಸ್ತೆಯಲ್ಲಿ ಸುಖವಾಗಿ ಓಡಾಡಲು ಕಟ್ಟಿದವು ಮುಂದೆ ಸ್ಟ್ರೀಟ್ ರಾಡ್ ಎನಿಸಿದವು.

ಕೊನೆಯ ದಿನಗಳು

ಫೋರ್ಡ್ ಅವರ ಬದುಕಿನಲ್ಲಿ ಕಪ್ಪು ಪುಟಗಳೂ ಇವೆ, ಅವನ್ನು ಮುಚ್ಚಿಡುವುದು ಸರಿಯಲ್ಲ. 1920ರಿಂದ ಅವರ ಪತ್ರಿಕೆ ಯಹೂದಿಗಳ ವಿರುದ್ಧ ದ್ವೇಷದ ಸುಳ್ಳು ಬರಹಗಳನ್ನು ಪ್ರಕಟಿಸಿತು. 1927ರಲ್ಲಿ ಅವರು ಕ್ಷಮೆ ಕೇಳಿದರಾದರೂ ಅದರಿಂದಾದ ಹಾನಿ ಅಳಿಯಲಿಲ್ಲ. 1937ರ ಮೇ 26ರಂದು ಕಾರ್ಮಿಕ ಸಂಘದ ಮುಖಂಡರನ್ನು ಅವರ ಕಾರ್ಖಾನೆಯ ಕಾವಲು ಪಡೆ ಹೊಡೆದು ಗಾಯಗೊಳಿಸಿತು. ಸಂಘದ ಜೊತೆ ಒಪ್ಪಂದವಾದದ್ದು 1941ರಲ್ಲಿ. 1943ರಲ್ಲಿ, ಅದೂ ಮೇ 26ರಂದೇ, ಎಡ್ಸೆಲ್ 49ನೆಯ ವಯಸ್ಸಿನಲ್ಲಿ ತೀರಿಕೊಂಡರು. ಮುದುಕರಾಗಿದ್ದ ಫೋರ್ಡ್ ಮತ್ತೆ ಅಧ್ಯಕ್ಷರಾದರು. 1945ರಲ್ಲಿ ಮೊಮ್ಮಗನಿಗೆ ಅಧಿಕಾರ ಬಿಟ್ಟುಕೊಟ್ಟರು.

1947ರ ಏಪ್ರಿಲ್ 7. ರೂಷ್ ನದಿಗೆ ಪ್ರವಾಹ ಬಂದು ಅವರ ಮನೆಯ ವಿದ್ಯುದಾಗಾರ ಕೆಟ್ಟಿತ್ತು. ಎಡಿಸನ್ ಕಂಪನಿಯ ಮುಖ್ಯ ಇಂಜಿನಿಯರ್ ಆಗಿದ್ದ ಹೆನ್ರಿ ಫೋರ್ಡ್ ಮೇಣದಬತ್ತಿ ಮತ್ತು ಎಣ್ಣೆ ದೀಪದ ಬೆಳಕಿನಲ್ಲಿ ಕೊನೆಯುಸಿರೆಳೆದರು. ಅವರಿಗೆ 83 ವರ್ಷವಾಗಿತ್ತು.

ಕಾರ್ಯಾಗಾರದಲ್ಲಿ

ಈಗ ಮೊದಲು ನೋಡಿದ ಕಾರಿನ ಬಳಿಗೆ ಮರಳೋಣ. 65 ಅಶ್ವಶಕ್ತಿಯ ಇಂಜಿನ್ ತೆಗೆದು 300 ಅಶ್ವಶಕ್ತಿಯದನ್ನು ಇಟ್ಟುಬಿಟ್ಟರೆ ಸಾಕೇ? ಸಾಲದು. ಒಂದನ್ನು ಬದಲಾಯಿಸಿದರೆ ಉಳಿದವನ್ನೂ ಬದಲಾಯಿಸಬೇಕು.

ಮೊದಲು ಚಾಸಿ. 1932ರ ಫೋರ್ಡಿನ ಚಾಸಿಯ ಉದ್ದ ಕಂಬಿಗಳು ಒಂದು ಬದಿ ತೆರೆದ ಕಾಲುವೆಯಂತಿವೆ. ಖಾಲಿ ಬೆಂಕಿಪೊಟ್ಟಣದ ಒಳಗಿನ ತಟ್ಟೆಯನ್ನು ಹೊರತೆಗೆದು ಎರಡು ತುದಿ ಹಿಡಿದು ತಿರುಚಿ ನೋಡಿ. ಸುಲಭವಾಗಿ ತಿರುಚುತ್ತದೆ. ಅದನ್ನೇ ಹೊರಗಿನ ಕವಚದೊಳಗೆ ಸೇರಿಸಿ ತಿರುಚಿ. ಎಷ್ಟು ಬಿಗಿ! ಕುಶಲಕರ್ಮಿಗಳು ತೆರೆದ ಬದಿಗೆ ಉಕ್ಕಿನ ಹಲಗೆ ಬೆಸೆದು ಕಂಬಿಯನ್ನು ಮುಚ್ಚಿದ ಪೆಟ್ಟಿಗೆಯಂತೆ ಮಾಡುತ್ತಾರೆ. ಆಗ ಅದು ದೊಡ್ಡ ಇಂಜಿನ್ ತಿರುಚುವ ಬಲವನ್ನು ತಾಳಿಕೊಳ್ಳುತ್ತದೆ.

ನಂತರ ಬ್ರೇಕು. ವೇಗ ಎರಡರಷ್ಟಾದರೆ ಚಲನಶಕ್ತಿ ನಾಲ್ಕರಷ್ಟಾಗುತ್ತದೆ. ನಿಲ್ಲಿಸುವಾಗ ಅದೆಲ್ಲ ಶಾಖವಾಗಿ ಹೋಗಬೇಕು. ಗಾಳಿಗೆ ತೆರೆದಿರುವ ಡಿಸ್ಕ್ ಬೇಗ ತಣ್ಣಗಾಗುತ್ತದೆ. ದ್ರವದ ಒತ್ತಡ ಹೇಗೆ ಕೆಲಸ ಮಾಡುತ್ತದೆಂದು ತಿಳಿಯಲು ಸೂಜಿಯಿಲ್ಲದ ಎರಡು ಹೊಸ ಸಿರಿಂಜುಗಳನ್ನು, ಒಂದು ಸಣ್ಣದು ಒಂದು ದೊಡ್ಡದು, ನೀರು ತುಂಬಿದ ಕೊಳವೆಯಿಂದ ಸೇರಿಸಿ. ಸಣ್ಣದನ್ನು ಒತ್ತಿದರೆ ದೊಡ್ಡದು ಹೆಚ್ಚು ಬಲದಿಂದ ಏಳುತ್ತದೆ. ಒಂದು ಶಾಲೆಯಲ್ಲಿ ಇದನ್ನು ತೋರಿಸುವಾಗ ಕೊಳವೆಯಲ್ಲಿ ಗಾಳಿಗುಳ್ಳೆ ಉಳಿದು ನನ್ನ ಪ್ರಯೋಗ ಮೆತ್ತಗಾಯಿತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಗುಳ್ಳೆಯನ್ನು ತೋರಿಸಿಕೊಟ್ಟಳು. ಕಾರಿನ ಬ್ರೇಕಿನಿಂದ ಮೆಕ್ಯಾನಿಕ್ ಗಾಳಿ ಹೊರತೆಗೆಯುವುದೂ ಇದೇ ಕಾರಣಕ್ಕೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಗಾಳಿಯನ್ನು ಕುಗ್ಗಿಸಬಹುದು.

ಆಮೇಲೆ ಸ್ಪ್ರಿಂಗು, 6 ವೋಲ್ಟಿನ ಬದಲು 12 ವೋಲ್ಟಿನ ಬ್ಯಾಟರಿ, ಸೀಟ್ ಬೆಲ್ಟು, ಒಡೆದರೂ ಚೂರು ಹಾರದ ಗಾಜು. ತುಕ್ಕು ತಿಂದ ತಗಡನ್ನು ಕತ್ತರಿಸಿ ಹೊಸ ತಗಡನ್ನು ಬಡಿದು ಬಾಗಿಸಿ ಬೆಸೆಯುವುದಕ್ಕೇ ತಿಂಗಳುಗಳು ಬೇಕು. ಎಲ್ಲ ಮುಗಿದ ಮೇಲೆ ಹಳೆಯ ಕಾರಿನದು ಉಳಿಯುವುದು ಕೆಲವೊಮ್ಮೆ ಮೈಯ ತಗಡು ಮತ್ತು ಚಾಸಿಯ ಕಂಬಿಗಳು ಮಾತ್ರ. ಆ ಕಂಬಿಯ ತುಕ್ಕು ಉಜ್ಜಿದಾಗ ಅದರ ಮೇಲೆ ಒತ್ತಿದ ಅಂಕಿಗಳು ಕಾಣುತ್ತವೆ. 1932ರ ವಿ-8 ಆದರೆ ಅವು 18ರಿಂದ ಶುರುವಾಗುತ್ತವೆ. ಕಾರಿನ ಗುರುತು ಅದೇ. ಕುಶಲಕರ್ಮಿ ಅಲ್ಲಿ ಅರವನ್ನು ಪಕ್ಕಕ್ಕಿಟ್ಟು ಬಟ್ಟೆಯಿಂದ ಮೆಲ್ಲಗೆ ಒರೆಸುತ್ತಾನೆ.